ನನ್ನ ಮೈದುನನ ಮುಖದ ಮೋಜಣಿ

ಹೊಲಗಳಿಗೆ ಸರ್ವೆ ನಂಬರು ಇರುವುದು ಎಲ್ಲರಿಗೂ ಗೊತ್ತು. ಆದರೆ ಒಬ್ಬ ಮನುಷ್ಯನ ಎರಡು ಗಲ್ಲಗಳಿಗೂ, ಒಂದರಿಂದ ನಲವತ್ತೊಂದರವರೆಗೆ, ಸರ್ವೆ ನಂಬರು ಇವೆ ಎಂದರೆ ನೀವು ನಂಬುವಿರಾ? ನಾನು ಆ ನಂಬರುಗಳನ್ನು ಕಣ್ಣಾರೆ ಕಂಡಿದ್ದೇನೆ. ಕೆಲವನ್ನು ಕೈಯಾರೆ ಅಳೆದಿದ್ದೇನೆ ಕೂಡ. ಆ ಗಲ್ಲಗಳ ಮಾಲಕ ನನ್ನ ಮೈದುನ, ನಮ್ಮ ಯಜಮಾನರ ಒಬ್ಬನೇ ತಮ್ಮ.

ಹೆಸರು ಹೇಳುವುದಿಲ್ಲ. ಅವನು ಇನ್ನೂ ಸರಕಾರಿ ನೌಕರಿಯಲ್ಲಿದ್ದಾನೆ. ಹೊಲ ಅಳೆಯುವ ಕೆಲಸ; ನಮ್ಮ ಕಡೆ ಮೋಜಣಿ ಎನ್ನುತ್ತೇವೆ. ಹೆಸರು ಹೇಳಿದರೆ ಬದುವಿನ ಜಗಳ ಮಾಡುವ ಅರ್ಧ ಜಿಲ್ಲೆ ಅವನನ್ನು ಗುರುತು ಹಿಡಿಯುತ್ತದೆ. ಹೆಸರು ಹೇಳದಿದ್ದರೂ ಹಿಡಿಯುತ್ತದೆ ಎನ್ನುವುದು ಬೇರೆ ಮಾತು.

ನಾನು ಆಳಂದದ ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಇಪ್ಪತ್ತು ದಾಟಿತ್ತು. ಮೊಡವೆಗಳ ಕಾಲ ಮುಗಿದಿತ್ತು. ಆದರೆ ಬಂದ ಒಂದು ಮೊಡವೆಯನ್ನಾದರೂ ಅವನು ತಾನಾಗಿ ಒಣಗಲು ಬಿಟ್ಟವನಲ್ಲವಂತೆ. ಕನ್ನಡಿ ಮುಂದೆ ನಿಂತು ಉಗುರಿನಿಂದ ಒಂದೊಂದನ್ನೂ ಹಿಂಡಿ ಹಿಂಡಿ ತೆಗೆದಿದ್ದ. ಮೊಡವೆಗಳು ಹೋದವು, ಅವುಗಳ ಜಾಗದಲ್ಲಿ ತಗ್ಗುಗಳು ಉಳಿದವು. ನನ್ನ ಕಣ್ಣಿಗೆ ಅದೇನು ದೊಡ್ಡ ಕುಂದಾಗಿ ಕಾಣಲಿಲ್ಲ. ನೆಟ್ಟನೆ ಮೂಗು, ಸಾಲು ಹಲ್ಲು, ಆರಡಿ ಎತ್ತರ, ನಕ್ಕರೆ ಮನೆಯೆಲ್ಲ ತಿರುಗಿ ನೋಡುವಂಥ ನಗು. ದಿನಾಲೂ ಲಿಂಗಪೂಜೆ ಮುಗಿಸಿದ ಮೇಲೆ ಹಿಂದಿನ ದಿನ ಶಿವ ಮಾಡಿದ ಉಪಕಾರಗಳಲ್ಲಿ ಮೂರನ್ನು ಬೆರಳು ಮಡಚಿ ಎಣಿಸುವುದು ನನ್ನ ರೂಢಿ. ಅವನಿಗೂ ಶಿವ ಎಣಿಸಲು ಬೇಕಾದಷ್ಟು ಕೊಟ್ಟಿದ್ದ. ಅವನು ಎಣಿಸಿದ್ದು ತಗ್ಗುಗಳನ್ನು ಮಾತ್ರ.

"ಗಡ್ಡ ಬಿಡಲೇ, ಎಲ್ಲಾ ಮುಚ್ಚಿ ಹೋಗ್ತದ," ಎಂದು ನಮ್ಮ ಯಜಮಾನರು ಹೇಳಿ ನೋಡಿದರು. ಬಿಟ್ಟ. ಒಂದು ತಿಂಗಳಿಗೆ ಅಲ್ಲಲ್ಲಿ ಮಾತ್ರ ಬಂತು.

"ತಗ್ಗಿನ್ಯಾಗ ಬೆಳಿ ಬರಾಂಗಿಲ್ಲ ಅಣ್ಣಾ," ಎಂದ. "ಬರೇ ದಂಡಿಗಿ ಬರ್ತದ."

ಮೋಜಣಿಯ ನೌಕರಿ ಸಿಕ್ಕ ವರ್ಷವೇ ಕನ್ಯೆಗಳ ಸುದ್ದಿ ಬರತೊಡಗಿತು. ಆಗ ಅವನು ಪಡಸಾಲೆಯ ನಡುವೆ ನಿಂತು, ತನ್ನ ತಾಯಿಯ ಎದುರಿಗೆ ಒಂದು ಮಾತು ಆಡಿಬಿಟ್ಟ:

"ಈ ಮಾರಿ ಸಮ ಆಗೂ ತನಕ ನಾ ಕನ್ಯಾ ನೋಡಾಕ ಹೋಗಾಂಗಿಲ್ಲ. ಬರೋ ಹುಡಗಿ ಜೀವನ ಪೂರ್ತಿ ಈ ತಗ್ಗುದಿನ್ನಿ ನೋಡಬೇಕೇನು?"

ನಮ್ಮ ಅತ್ತೆ ಸುಮ್ಮನೆ ಕೇಳುವವರೇ? ಅವರ ಎರಡೂ ಕಣ್ಣು ಪೂರ್ತಿ ಹೋಗಿ ಆಗಲೇ ನಾಲ್ಕು ವರ್ಷ ಆಗಿತ್ತು. ಕಣ್ಣು ಹೋಗಿದ್ದರೂ ಬಾಯಿ ಗಟ್ಟಿ ಇತ್ತು. ಅದನ್ನೂ ನಾನು ಉಪಕಾರಗಳಲ್ಲಿ ಎಣಿಸಿದ್ದೇನೆ, ಕೆಲವು ದಿನ ಬಿಟ್ಟು.

"ಹಂಗಾರ ನನ್ನ ಮಾತೂ ಕೇಳು," ಎಂದರು. "ಘತ್ತರಗಿ ಭಾಗ್ಯವಂತಿ ಆಣಿ. ನಿನ್ನ ತಲಿಮ್ಯಾಲ ಅಕ್ಕಿಕಾಳ ಬೀಳೂ ತನಕ ನಾ ಸಿಹಿ ಮುಟ್ಟಾಂಗಿಲ್ಲ."

ತಾಯಿ ಮಗ ಇಬ್ಬರದೂ ಒಂದೇ ಹಟ. ಅಂದಿನಿಂದ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದರೆ ಅತ್ತೆಗೆ ಬರೀ ರೊಟ್ಟಿ. ಹೋಳಿಗೆಯೆಂದರೆ ಪ್ರಾಣ ಬಿಡುತ್ತಿದ್ದ ಜೀವ ಅದು. ಆದ್ದರಿಂದ ಮೈದುನನ ಗಲ್ಲದ ತಗ್ಗು ಎಂದರೆ ನಮ್ಮ ಮನೆಯಲ್ಲಿ ಬರೀ ಚಂದದ ಪ್ರಶ್ನೆಯಾಗಿ ಉಳಿಯಲಿಲ್ಲ.

ತಗ್ಗು ತುಂಬಬೇಕಾದರೆ ಮೊದಲು ಮೋಜಣಿ ಆಗಬೇಕಲ್ಲ? ಒಂದು ಭಾನುವಾರ ಅವನು ಅಂಗಳದಲ್ಲಿ ಕನ್ನಡಿ, ಕೈವಾರ, ಗೀಟು ಹಾಕಿದ ದೊಡ್ಡ ಹಾಳೆ ಇಟ್ಟುಕೊಂಡು ಕುಳಿತ. ಮಧ್ಯಾಹ್ನದ ಹೊತ್ತಿಗೆ ಅವನ ಮುಖದ ನಕ್ಷೆ ತಯಾರಾಯಿತು. ಮೂಗು ನಡುವಿನ ಗಡಿ. ಎಡಗಲ್ಲದಲ್ಲಿ ಒಂದರಿಂದ ಇಪ್ಪತ್ತೆರಡು, ಬಲಗಲ್ಲದಲ್ಲಿ ಇಪ್ಪತ್ಮೂರರಿಂದ ನಲವತ್ತೊಂದು. ತಗ್ಗುಗಳಲ್ಲಿಯೂ ಮೂರು ತರ ಮಾಡಿದ. ಬಾಯಿ ಸಣ್ಣದಿದ್ದು ಆಳಕ್ಕೆ ಇಳಿದದ್ದು ಬಾವಿ. ಅಗಲವಾಗಿ, ದಂಡೆ ಕಡಿದಂತೆ ನೆಟ್ಟಗಿದ್ದದ್ದು ಕೆರೆ. ಎಲ್ಲಿ ಶುರು ಎಲ್ಲಿ ಮುಗಿಯಿತು ತಿಳಿಯದಂತೆ ಇಳಿಜಾರಾಗಿದ್ದದ್ದು ಹಳ್ಳ.

ಆಳ ಅಳೆಯಲು ಕಸಕಸೆ. ಹೊರಸಿನ ಮೇಲೆ ಅಂಗಾತ ಮಲಗಿ, "ವೈನಿ, ನಂಬರ ಒಂಬತ್ತರಾಗ ಎಷ್ಟ ಕಾಳ ಹಿಡಿತಾವ ನೋಡ್ರಿ," ಎಂದು ಅತ್ತಿಗೆಯಾದ ನನ್ನನ್ನು ಕರೆದ. ಎರಡು ಹಿಡಿದವು. ಹದಿನಾಲ್ಕರಲ್ಲಿ ಮೂರು. ಅಷ್ಟರಲ್ಲಿ ಅವನಿಗೆ ಸೀನು ಬಂತು. ಹಬ್ಬಕ್ಕೆಂದು ತರಿಸಿದ್ದ ಕಸಕಸೆ ಅಂಗಳದ ಪಾಲಾಯಿತು.

ನಕ್ಷೆಯ ಪಕ್ಕದಲ್ಲಿ ಹೊಲದ ಪಹಣಿಯಲ್ಲಿ ಇರುವಂತೆ ಕಾಲಂಗಳು: ನಂಬರು, ತರ, ಆಳ, ಮಾಡಿದ ಔಷಧ, ಟಿಪ್ಪಣಿ ಬರೆಯುವ ಶೆರಾ. ಕೊನೆಗೆ ಒಂದು ಕಾಲಂ, 'ಕಬ್ಜೇದಾರರ ಹೆಸರು'. ಅಂದರೆ ಆ ಭೂಮಿ ಯಾರ ಸ್ವಾಧೀನದಲ್ಲಿದೆ ಎಂಬುದು.

"ಗಲ್ಲಕ್ಕೂ ಕಬ್ಜೇದಾರ ಬೇಕೇನೋ?" ಎಂದೆ.

"ನಮೂನಿ ಅಂದ್ರ ನಮೂನಿರಿ ವೈನಿ, ಕಾಲಂ ಬಿಡಾಂಗಿಲ್ಲ. ಸದ್ಯಕ್ಕ ಖಾಲಿ ಇಟ್ಟೇನಿ. ಮದುವಿ ಆದಮ್ಯಾಲ ಆಕಿ ಹೆಸರ ಬರೀತೇನಿ."

ಮೊದಲ ಔಷಧಗಳೆಲ್ಲ ಆಳಂದದಲ್ಲಿಯೇ, ನನ್ನ ಅಡಿಗೆಮನೆಯಿಂದಲೇ ಆದವು. ಒಂದು ಔಷಧ ಕೆಲಸ ಮಾಡಿತೋ ಇಲ್ಲವೋ ತಿಳಿಯಬೇಕಾದರೆ ಹೋಲಿಸಿ ನೋಡಲು ಇನ್ನೊಂದು ಇರಬೇಕು ಎಂಬುದು ಅವನ ತರ್ಕ. ಆದ್ದರಿಂದ ಎಡಗಲ್ಲಕ್ಕೆ ಒಂದು, ಬಲಗಲ್ಲಕ್ಕೆ ಇನ್ನೊಂದು. ಎಡಕ್ಕೆ ಕಡಲೆಹಿಟ್ಟು, ಅರಿಶಿನ, ಮೊಸರು. ಬಲಕ್ಕೆ ಮುಲ್ತಾನಿ ಮಿಟ್ಟಿ. ಮುಂದಿನ ತಿಂಗಳು ಎಡಕ್ಕೆ ಗಂಧ, ಬಲಕ್ಕೆ ಹಾಲಿನಲ್ಲಿ ತೇಯ್ದ ಜಾಯಿಕಾಯಿ. ಬೆಳಿಗ್ಗೆ ಎದ್ದರೆ ಒಂದು ಗಲ್ಲ ಹಳದಿ, ಒಂದು ಗಲ್ಲ ಬಿಳಿ. ಹಾಲು ತರುವವಳು ಬಾಗಿಲಿಗೆ ಬಂದು, "ಯಾವ ಕಡೆಯಿಂದ ನೋಡಿ ಮಾತಾಡ್ಲಿರಿ?" ಎಂದು ಕೇಳಿದ್ದುಂಟು.

ಒಂದು ದಿನ ಒಲೆಯ ಪಕ್ಕ ಬಟ್ಟಲಿನಲ್ಲಿ ಕಲಸಿಟ್ಟ ಕಡಲೆಹಿಟ್ಟು ಕಂಡಿತು. ನಾನೇ ಕಲಸಿಟ್ಟು ಮರೆತೆನೇನೋ ಎಂದು ಒಗ್ಗರಣೆ ಹಾಕಿ ಝುಣಕ ಮಾಡಿದೆ. ನಮ್ಮ ಯಜಮಾನರು ಎರಡು ಸಲ ಹಾಕಿಸಿಕೊಂಡು ಉಂಡರು. "ಇವತ್ತಿನ ಝುಣಕದ ಕೈ ಬ್ಯಾರೆನೇ ಅದ," ಎಂದು ಹೊಗಳಿದರು. ಮದುವೆಯಾಗಿ ಅಷ್ಟು ವರ್ಷಕ್ಕೆ ಅದು ಮೊದಲನೆಯ ಹೊಗಳಿಕೆ. ಅಷ್ಟರಲ್ಲಿ ಮೈದುನ ಬಂದು ಖಾಲಿ ಬಟ್ಟಲು ನೋಡಿದ.

"ಅಣ್ಣಾ, ನೀ ಉಂಡಿದ್ದು ನನ್ನ ಎಡಗಲ್ಲದ ಔಷಧ. ಅದರಾಗ ಗುಲಾಬಿ ನೀರ ಹಾಕಿದ್ದೆ."

ಯಜಮಾನರು ತಟ್ಟೆ ನೋಡಿದರು, ತಮ್ಮನ ಗಲ್ಲ ನೋಡಿದರು. ಬಳಿಕ ತಣ್ಣಗೆ, "ಗುಲಾಬಿ ನೀರ ಇನ್ನಮ್ಯಾಲೂ ಹಾಕು," ಎಂದು ನನಗೆ ಹೇಳಿ ಎದ್ದುಹೋದರು. ಹೊಗಳಿಕೆ ವಾಪಸು ಹೋಗಲಿಲ್ಲವಲ್ಲ, ಮರುದಿನ ಅದೇ ನನ್ನ ಮೊದಲನೆಯ ಬೆರಳು.

ಇಷ್ಟೆಲ್ಲ ಹಚ್ಚಿದ್ದಕ್ಕೆ ಏನಾಯಿತು? ಮೊಡವೆಯ ಕಪ್ಪು ಕಲೆಗಳು ತಿಳಿಯಾದವು. ನಿಂಬೆರಸ ಹಚ್ಚಿಕೊಂಡು ಬಿಸಿಲಲ್ಲಿ ಹೊಲ ಅಳೆಯಲು ಹೋಗಿ ಮತ್ತೆ ಅದರ ಎರಡರಷ್ಟು ಕಪ್ಪಾದವು. ತಗ್ಗು ಮಾತ್ರ ತಗ್ಗಾಗಿಯೇ ಇದ್ದವು. ಶೆರಾ ಕಾಲಂನಲ್ಲಿ ಅವನು ಬರೆದ: 'ಮಣ್ಣಿನ ಬಣ್ಣ ಬದಲಾಗಿದೆ. ಆಳ ಬದಲಾಗಿಲ್ಲ.' ಎಷ್ಟು ವರ್ಷದ ಮಾತು ಇದು. ಇವತ್ತಿಗೂ ಯಾರಾದರೂ ಹುಡುಗಿಯರು ಹಚ್ಚಿಕೊಳ್ಳುವ ಡಬ್ಬಿ ತಂದು ತೋರಿಸಿದರೆ ನಾನು ಈ ಎರಡು ಸಾಲನ್ನೇ ಹೇಳುತ್ತೇನೆ.

ಪ್ರತಿ ಶನಿವಾರ ಪರೀಕ್ಷೆ ನಡೆಯುತ್ತಿತ್ತು. ಪರೀಕ್ಷೆ ಮಾಡುವವರು ನಮ್ಮ ಅತ್ತೆ. ಅವನು ಬಂದು ಎದುರಿಗೆ ಕುಳಿತರೆ ಎರಡೂ ಅಂಗೈಯಲ್ಲಿ ಅವನ ಮುಖ ಹಿಡಿದು ಹೆಬ್ಬೆರಳಿನಿಂದ ಗಲ್ಲ ಸವರುವರು. "ಬಂದ್ಯಾ ನನ್ನಪ್ಪಾ," ಎನ್ನುವರು. ಬಳಿಕ ಹೆಬ್ಬೆರಳು ಮೂಸಿ, "ಈ ವಾರ ಜಾಯಿಕಾಯೇನು?" ಎನ್ನುವರು.

"ಕಮ್ಮಿ ಆಗೇದೇನವ್ವಾ?"

"ಎಲ್ಲಾ ಇದ್ದಲ್ಲೇ ಅದಾವ ತಗೋ."

ಮುಂದೆ ಅವನಿಗೆ ಅಫಜಲಪುರಕ್ಕೆ ವರ್ಗವಾಯಿತು. ತಾಲ್ಲೂಕು ಬದಲಾದಂತೆ ವೈದ್ಯವೂ ಬದಲಾಯಿತು. ಅಲ್ಲಿ ಗಿಡಮೂಲಿಕೆ ಅಂಗಡಿಯ ಒಬ್ಬ ಮುದುಕ ಸಮುದ್ರನೊರೆ ಎಂಬ ಹಗುರವಾದ ಬಿಳಿ ತುಂಡೊಂದನ್ನು ಕೊಟ್ಟು, "ದಿಬ್ಬ ಉಜ್ಜಿ ತೆಗದ್ರ ತಗ್ಗು ತಾನs ಸಮ ಆಗ್ತದಲ್ರಿ ಸಾಹೇಬ್ರ," ಎಂದನಂತೆ. ಮೋಜಣಿಯವನಿಗೆ ಈ ಲೆಕ್ಕ ಬಹಳ ಹಿಡಿಸಿತು. ಹೊಲ ಸಮ ಮಾಡುವುದೂ ಹಾಗೆಯೇ ಅಲ್ಲವೇ? ಪಾತ್ರೆ ತಿಕ್ಕಿದಂತೆ ಎರಡು ದಿನ ಮುಖ ತಿಕ್ಕಿದ. ಮೂರನೆಯ ದಿನಕ್ಕೆ ಗಲ್ಲ ಕೆಂಪಗೆ ಸುಲಿದು, ತುಟಿ ದಪ್ಪಗಾಗಿ, ಕಣ್ಣು ಅರ್ಧ ಮುಚ್ಚಿತು.

ಆ ದಿನವೇ ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರಾದ ಇಬ್ಬರು ದಾಯಾದಿಗಳ ಬದು ಗುರುತಿಸಬೇಕಿತ್ತು. ಹನ್ನೆರಡು ವರ್ಷದ ಜಗಳ ಅದು. ಅಣ್ಣನ ಕಡೆಯವರು ಅವನ ಮುಖ ನೋಡಿ, ತಮ್ಮನ ಕಡೆಯವರು ಸಾಹೇಬರನ್ನು ಹೊಡೆದಿದ್ದಾರೆ ಎಂದುಕೊಂಡರು. ತಮ್ಮನ ಕಡೆಯವರು, ಅಣ್ಣನ ಕಡೆಯವರದೇ ಈ ಕೆಲಸ ಎಂದುಕೊಂಡರು. ಸರಕಾರಿ ಮನುಷ್ಯನ ಮೇಲೆ ಕೈ ಮಾಡಿದರೆ ಪೊಲೀಸರು ಊರಿಗೂರನ್ನೇ ಹೊತ್ತೊಯ್ಯುತ್ತಾರೆ ಎಂಬ ಭಯ ಇಬ್ಬರಿಗೂ.

"ನೀವು ಎಲ್ಲಿ ಕಲ್ಲ ನೆಡತೀರಿ ಅಲ್ಲೇ ನಮಗ ಒಪ್ಪಿಗಿ ಅದರಿ," ಎಂದ ಅಣ್ಣ.

"ನಮಗೂ ಅದರಿ," ಎಂದ ತಮ್ಮ. "ಸಾಹೇಬ್ರ, ಮೊದಲ ದವಾಖಾನಿಗಿ ನಡ್ರಿ."

ಹನ್ನೆರಡು ವರ್ಷದ ಜಗಳ ಒಂದೇ ಮುಂಜಾನೆ ಮುಗಿಯಿತು. ಮೇಲಧಿಕಾರಿಗಳು ಅವನ ಚಾತುರ್ಯವನ್ನು ಬಾಯ್ತುಂಬ ಹೊಗಳಿದರಂತೆ. ತಗ್ಗುಗಳು ಮಾತ್ರ ಆ ಚಾತುರ್ಯಕ್ಕೆ ಬಗ್ಗಲಿಲ್ಲ. 'ಕೈಯಿಂದ ಉಜ್ಜುವುದು ಅಪಾಯ' ಎಂದು ಶೆರಾ ಬಿತ್ತು. ಶನಿವಾರ ಮನೆಗೆ ಬಂದಾಗ ಅತ್ತೆ ಮುಟ್ಟಹೋದರೆ "ಉರಿತದವ್ವಾ" ಎಂದು ಹಿಂದೆ ಸರಿದ. ಅವರು ಕೈ ಹಾಗೆಯೇ ಗಾಳಿಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕುಳಿತಿದ್ದರು.

ಆಮೇಲೆ ಜೇವರ್ಗಿಗೆ ವರ್ಗ. ಅಲ್ಲಿಂದ ಒಮ್ಮೆ ಬಂದಾಗ ನೋಡಿದರೆ ನಮ್ಮ ಮೈದುನನ ಹಣೆಯ ಮೇಲಷ್ಟೇ ಅಲ್ಲ, ಮುಖದ ತುಂಬ ವಿಭೂತಿ. ನನ್ನ ಕಣ್ಣಲ್ಲಿ ನೀರೇ ಬಂತು. ದೇವರ ಮುಂದೆ ಒಂದು ನಿಮಿಷ ಕೂರದ ಹುಡುಗ ಕೊನೆಗೂ ಶಿವನ ದಾರಿ ಹಿಡಿದನಲ್ಲ ಎಂದು, ಮರುದಿನ ಮೂರೂ ಬೆರಳು ಅದಕ್ಕೇ ಮಡಚಿದೆ. ಆಮೇಲೆ ತಿಳಿಯಿತು. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಗಲ್ಲಕ್ಕೆ ಮೆತ್ತಿ, ಮೇಲೆ ಮೇಲೆ ಒರೆಸಿದರೆ ತಗ್ಗುಗಳಲ್ಲಿ ಅದು ಕೂತು ಗಿಲಾವು ಮಾಡಿದ ಗೋಡೆಯಂತೆ ಸಮವಾಗುತ್ತಿತ್ತು. ಆದರೆ ಅವನ ಬಣ್ಣ ಎಣ್ಣೆಗಪ್ಪು. ತಗ್ಗು ಮಾತ್ರ ತುಂಬಿದರೆ ಬಿಳಿ ಚುಕ್ಕಿ. ಚುಕ್ಕಿ ಮುಚ್ಚಲು ಮುಖವೆಲ್ಲ ವಿಭೂತಿ.

"ಮಾರಿ ಸಮ ಆತ್ರಿ ವೈನಿ," ಎಂದ. "ಇನ್ನ ಕನ್ಯಾ ನೋಡ್ರಿ."

ಶಿವನ ವಿಭೂತಿಯನ್ನು ಹೀಗೆ ಬಳಸುವುದು ನನ್ನ ಮನಸ್ಸಿಗೆ ಬರಲಿಲ್ಲ. ಆದರೆ ಅತ್ತೆಯ ಹೋಳಿಗೆ ನೆನಪಾಗಿ ಸುಮ್ಮನಾದೆ. ಇಜೇರಿಯಲ್ಲಿ ಒಂದು ಒಳ್ಳೆಯ ಮನೆತನದ ಹುಡುಗಿ ಇದ್ದಳು. ಯಜಮಾನರೂ ನಾನೂ ಆಳಂದದಿಂದ ಹೋಗಿ ಅವರ ಪಡಸಾಲೆಯ ಕಂಬಳಿಯ ಮೇಲೆ ಕುಳಿತೆವು. ಮೈದುನ ಕೆಲಸ ಮುಗಿಸಿ ಜೇವರ್ಗಿಯಿಂದ ನೇರವಾಗಿ ಬರುವವನಿದ್ದ. ಬಂದ. ಹೆಗಲಿಗೆ ನಕ್ಷೆಗಳ ಬಟ್ಟೆಯ ಚೀಲ, ಮುಖದ ತುಂಬ ವಿಭೂತಿ. ಬಾಗಿಲಲ್ಲಿ ಕುಳಿತಿದ್ದ ಹುಡುಗಿಯ ಅಜ್ಜಿ ತಟ್ಟನೆ ಎದ್ದು ಸೆರಗು ಹೊದ್ದುಕೊಂಡರು.

"ಅಯ್ಯನವರು ಬಂದಾರ. ಏ ಹುಡಗಿ, ಪಾದಕ್ಕ ನೀರ ತಗೊಂಡ ಬಾ."

ಭಿಕ್ಷೆಗೆ ಬಂದ ಜಂಗಮರೆಂದು ತಿಳಿದ ಆ ತಾಯಿಯನ್ನು ಏನೆಂದು ದೂರುವುದು? ನಮ್ಮಲ್ಲಿ ಬಾಗಿಲಿಗೆ ಬಂದ ಅಯ್ಯನವರ ಹೆಸರು ಕೇಳುವುದಿಲ್ಲ, ಮೊದಲು ಪಾದ ತೊಳೆಯುತ್ತಾರೆ. ಹುಡುಗಿ ಹೊಸ ಸೀರೆ ಉಟ್ಟು ಸಿಂಗಾರವಾಗಿದ್ದವಳು ತಂಬಿಗೆ ತಂದು ಅವನ ಪಾದಕ್ಕೆ ನೀರು ಹಾಕಿ, ಹಣೆ ಹಚ್ಚಿ ನಮಸ್ಕಾರ ಮಾಡಿದಳು. ನಾವು ಒಳಗಿನಿಂದ ನೋಡುತ್ತಲೇ ಇದ್ದೇವೆ.

"ಇವತ್ತ ನಮ್ಮ ಮೊಮ್ಮಗಳನ್ನ ನೋಡಾಕ ಬಂದಾರ್ರಿ. ಆಶೀರ್ವಾದ ಮಾಡ್ರಿ ಅಪ್ಪಾ," ಎಂದರು ಅಜ್ಜಿ.

ನನ್ನ ಮೈದುನ ಗಾಬರಿಯಲ್ಲಿ ಎರಡೂ ಕೈ ಎತ್ತಿದ. "ಒಳ್ಳೆ ವರಾ ಸಿಗಲಿ, ತಂಗಿ," ಎಂದುಬಿಟ್ಟ.

ಅಜ್ಜಿ ಎರಡು ಸೇರು ಜೋಳ ತಂದು ಅವನ ಚೀಲಕ್ಕೆ ಸುರಿದರು. ಅವನು ಹೊರಗೆ ಹೋಗಬೇಕೋ ಒಳಗೆ ಬರಬೇಕೋ ತಿಳಿಯದೆ, ಕೊನೆಗೆ ಒಳಗೆ ಬಂದು ನಮ್ಮ ಪಕ್ಕ ಕಂಬಳಿಯ ಮೇಲೆ ಕುಳಿತ. ಹುಡುಗಿಯ ತಂದೆ ಕೈಮುಗಿದು, "ಅಯ್ಯನವರು ನಿಮ್ಮ ಪೈಕಿಯವರೇನ್ರಿ?" ಎಂದು ಕೇಳಿದರು.

"ಹೌದ್ರಿ," ಎಂದರು ಯಜಮಾನರು ನೆಲ ನೋಡುತ್ತ. "ಇವನೇ ವರಾ."

ಹುಡುಗಿಯ ತಂದೆ ಮುಗಿದ ಕೈ ಬಿಡದೆ, ಬಹಳ ಮರ್ಯಾದೆಯಿಂದ ಹೇಳಿದರು: "ತಂಗಿ ಅಂದುಬಿಟ್ಟಾರ್ರಿ. ಇನ್ನ ಹ್ಯಾಂಗ ಕೊಡಾದು?"

ಹೊರಗೆ ಬಂದಾಗ ಮೈದುನ ಚೀಲ ಎತ್ತಿ ತೋರಿಸಿದ. "ಬರಿಗೈಲೆ ಬಂದಿಲ್ರಿ ವೈನಿ," ಎಂದ. ಅದೇ ತಿಂಗಳು ಆ ಹುಡುಗಿಗೆ ಒಬ್ಬ ಸಾಲಿ ಮಾಸ್ತರನ ಸಂಬಂಧ ಕೂಡಿಬಂತು. ಒಂದು ಆಶೀರ್ವಾದವಾದರೂ ಫಲಿಸಿತಲ್ಲ ಎಂದು ನಾನು ಬೆರಳು ಮಡಚಿದೆ. ಅತ್ತೆ ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ತಾಯಿ ಭಾಗ್ಯವಂತಿ, ವರಾ ಮಾಡು ಅಂದ್ರ ಸ್ವಾಮಿ ಮಾಡಿದೆಲ್ಲ," ಎಂದರು. ಆಮೇಲೆ ಸೆರಗು ಬಹಳ ಹೊತ್ತು ಕಣ್ಣಿನ ಮೇಲೆಯೇ ಇತ್ತು. ಹಬ್ಬಗಳ ಮೇಲೆ ಹಬ್ಬ ಹೋದವು. ಅವರ ತಟ್ಟೆಯಲ್ಲಿ ಅದೇ ರೊಟ್ಟಿ.

ಕೊನೆಗೆ ಯಾರೋ ಸೊಲ್ಲಾಪುರದ ಚರ್ಮದ ಡಾಕ್ಟರರ ವಿಷಯ ಹೇಳಿದರು. ಯಜಮಾನರಿಗೆ ರಕ್ತ ನೋಡಿದರೆ ತಲೆ ತಿರುಗುತ್ತದೆ. ಆದ್ದರಿಂದ ಮೈದುನನ ಜೊತೆ ನಾನು ಹೋದೆ. ಅವನು ಡಾಕ್ಟರರ ಮೇಜಿನ ಮೇಲೆ ತನ್ನ ನಕ್ಷೆ ಹರವಿದ. ಅವರು ಕನ್ನಡಕ ಏರಿಸಿ ಒಂದೊಂದು ನಂಬರನ್ನೂ ಓದಿದರು, ಅವನ ಮುಖಕ್ಕೆ ದೀಪ ಹಿಡಿದು ತಾಳೆ ನೋಡಿದರು. ನಗುತ್ತಾರೆ ಎಂದು ನಾನು ತಯಾರಾಗಿ ಕುಳಿತಿದ್ದೆ. ನಗಲಿಲ್ಲ.

"ಛಲೋ ವಿಂಗಡ ಮಾಡೀರಿ," ಎಂದರು. "ಎಲ್ಲಾ ತಗ್ಗಿಗೂ ಒಂದೇ ಔಷಧ ಅಂದ್ರ ಆಗಾಂಗಿಲ್ರಿ. ನೀವು ಬಾವಿ ಅಂತ ಬರದದ್ದು, ಅದಕ್ಕ ಎಷ್ಟ ಉಜ್ಜಿದರೂ ಉಪಯೋಗಿಲ್ಲ. ಅದನ್ನ ಸಣ್ಣ ಬ್ಲೇಡಿನಿಂದ ಬುಡಸಹಿತ ತಗದು ಹೊಲಿಗಿ ಹಾಕಬೇಕು. ಕೆರಿಗಿ ಮಷೀನಿನಿಂದ ಮ್ಯಾಲಿನ ಚರ್ಮ ಉಜ್ಜತೇವಿ, ದಂಡಿ ಕೆಳಗ ಇಳಿತದ. ಹಳ್ಳ ಪೂರ್ತಿ ಹೋಗಾಂಗಿಲ್ಲ, ಸ್ವಲ್ಪ ಕಮ್ಮಿ ಆಗ್ತದ."

"ಪೂರ್ತಿ ಸಮ ಆಗ್ತದೇನ್ರಿ?" ಎಂದ ಮೈದುನ. ಆ ಪ್ರಶ್ನೆ ಕೇಳುವಾಗ ಅವನ ದನಿ ಸಣ್ಣದಾಗಿತ್ತು. ಇಷ್ಟು ವರ್ಷದ ತಮಾಷೆಯ ಅಡಿಯಲ್ಲಿ ಆ ಹುಡುಗ ಎಷ್ಟು ನೊಂದಿದ್ದ ಎಂಬುದು ನನಗೆ ಆಗ ತಿಳಿಯಿತು.

"ಸುಳ್ಳ ಹೇಳಾಂಗಿಲ್ಲ. ಅರ್ಧ ಆಗ್ತದ, ದೈವ ಇದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಿಮ್ಮ ಬಣ್ಣದವರಿಗಿ ಉಜ್ಜಿದ ಜಾಗ ಕಪ್ಪಾಗೂ ಭಯ ಅದ. ಮೂರು ತಿಂಗಳ ಬಿಸಲಿಗಿ ಹೋಗಬಾರದು. ಒಂದು ಗಲ್ಲ ಮೊದಲ ಮಾಡೂಣ. ಅದು ಛಲೋ ಆದರ ಇನ್ನೊಂದು."

ಬಿಸಿಲಿಗೆ ಹೋಗದ ಮೋಜಣಿಯವನನ್ನು ನೀವು ಕಂಡಿದ್ದೀರಾ? ಎಡಗಲ್ಲ ಮಾಡಿಸಿಕೊಂಡ ಮೇಲೆ ಮೂರು ತಿಂಗಳು ನನ್ನ ಮೈದುನ ಯಜಮಾನರ ದೊಡ್ಡ ಕರಿ ಕೊಡೆ ಹಿಡಿದು ಹೊಲ ಅಳೆದ. ತೊಗರಿ ಸಾಲುಗಳ ನಡುವೆ ದೂರದಿಂದ ಕೊಡೆ ಮಾತ್ರ ನಡೆದುಹೋಗುತ್ತಿತ್ತು. "ಮೋಜಣಿ ಬಂತು" ಎನ್ನುವ ಬದಲು ರೈತರು "ಕೊಡಿ ಬಂತು" ಎನ್ನತೊಡಗಿದರು. ಆದರೆ ಎಡಗಲ್ಲ ಡಾಕ್ಟರರು ಹೇಳಿದ್ದಕ್ಕಿಂತ ಚೆನ್ನಾಗಿಯೇ ಬಂತು. ಬಾವಿಗಳು ಮುಚ್ಚಿ ಸಣ್ಣ ಗೆರೆಗಳಾದವು. ಕೆರೆಗಳು ಹೂಳು ತುಂಬಿದಂತೆ ಮೇಲೆ ಬಂದವು. ಸ್ವಲ್ಪ ದೂರ ನಿಂತು ನೋಡಿದರೆ ನುಣುಪು ಗಲ್ಲ.

ಆ ಮೂರು ತಿಂಗಳು ಅವನು ತಾಯಿಗೆ ಆ ಗಲ್ಲ ಮುಟ್ಟಗೊಟ್ಟಿರಲಿಲ್ಲ. ಮೂರು ತಿಂಗಳು ತುಂಬಿದ ಶನಿವಾರ ಬಂದವನೇ, ಅವ್ವ ಏನನ್ನುತ್ತಾಳೆ ನೋಡೋಣ ಎಂದು ನಮಗೆಲ್ಲ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿ, ಸದ್ದಿಲ್ಲದೆ ಹೋಗಿ ಎದುರಿಗೆ ಕುಳಿತ. ಅತ್ತೆಯ ಬಲಗೈ ಹಿಡಿದು ತನ್ನ ಎಡಗಲ್ಲದ ಮೇಲೆ ಇಟ್ಟುಕೊಂಡ. ಅತ್ತೆ ಸವರಿದರು. ಹೆಬ್ಬೆರಳು ಮೇಲೆ ಹೋಯಿತು, ಕೆಳಗೆ ಬಂತು, ಏನನ್ನೋ ಹುಡುಕಿದಂತೆ ಮತ್ತೆ ಮೇಲೆ ಹೋಯಿತು.

"ಯಾರಪ್ಪಾ ನೀ?" ಎಂದರು. "ಯಾರ ಪೈಕಿ?"

ನಾವೆಲ್ಲ ಗೊಳ್ಳೆಂದು ನಕ್ಕೆವು. ಅತ್ತೆಯ ಎಡಗೈ ಎದ್ದು ಅವನ ಬಲಗಲ್ಲಕ್ಕೆ ಹೋಯಿತು. ಅಲ್ಲಿ ಒಂದೊಂದು ತಗ್ಗಿನಲ್ಲಿಯೂ ಹೆಬ್ಬೆರಳು ನಿಂತು ನಿಂತು ನಡೆಯಿತು.

"ಹಾಂ, ಇಲ್ಲಿದ್ದಿ. ಬಂದ್ಯಾ ನನ್ನಪ್ಪಾ," ಎಂದರು.

ನಾವು ಇನ್ನೊಮ್ಮೆ ನಕ್ಕೆವು. ಅವನ ಮುಖದ ನಗು ಮಾತ್ರ ಅಷ್ಟರಲ್ಲಿ ನಿಂತುಹೋಗಿದ್ದುದನ್ನು ನಾನು ನೋಡಿದೆ. ಹೊಸ ಚರ್ಮ ಎಳೆಯುತ್ತಿರಬೇಕು ಎಂದುಕೊಂಡೆ.

ಬಲಗಲ್ಲಕ್ಕೆ ಸೊಲ್ಲಾಪುರಕ್ಕೆ ಹೋಗುವ ದಿನ ಬಂತು. ಡಾಕ್ಟರು ಊರಲ್ಲಿಲ್ಲ ಎಂದ. ಮುಂದಿನ ತಿಂಗಳು ಕೆಲಸದ ಗಡಿಬಿಡಿ ಎಂದ. ಅದರ ಮುಂದಿನ ತಿಂಗಳು ಡಾಕ್ಟರರ ಮಷೀನು ಕೆಟ್ಟಿದೆ ಎಂದ. ಎಷ್ಟೋ ವರ್ಷ ಮುಖದ ಹಿಂದೆ ಬಿದ್ದವನಿಗೆ ಈಗ ಅದೆಂಥ ಆಲಸ್ಯ? "ಅರ್ಧ ಗಿಲಾವು ಮಾಡಿ ಬಿಟ್ಟ ಗ್ವಾಡಿ ಹಂಗ ಕಾಣತಿ," ಎಂದು ನಾನು ಬೈದೆ. ನಕ್ಕ. ಒಂದು ದಿನ ತಾನೇ ಬಂದು, "ವೈನಿ, ಕನ್ಯಾ ನೋಡ್ರಿ," ಎಂದ.

"ಮಾರಿ ಸಮ ಆಗೂ ತನಕ ಇಲ್ಲ ಅಂದಿದ್ದೆಲ್ಲೋ?"

"ಎಡಕ್ಕ ಸಮ ಆಗೇದಲ್ರಿ. ಸರಕಾರಿ ಕೆಲಸ ಅರ್ಧ ಆದ್ರ ಪೂರ್ತಿ ಆದಂಗ."

ಹುಡುಗಿ ಮಟಕಿಯವಳು. ಯಜಮಾನರು ದೊಡ್ಡ ಉಪಾಯ ಮಾಡಿದರು. ತಮ್ಮನ ಬಲಗಲ್ಲ ಗೋಡೆಗೆ, ಎಡಗಲ್ಲ ಹುಡುಗಿಗೆ ಬರುವಂತೆ ಅವನನ್ನು ಮೂಲೆಯಲ್ಲಿ ಕೂಡಿಸಿದರು. ಹುಡುಗಿ ಮಂಡಕ್ಕಿ ಸೂಸಲದ ತಟ್ಟೆ ತಂದು ಎದುರಿಗಿಟ್ಟಳು. ಆಗ ನನ್ನ ಮೈದುನ, ಯಾರೂ ಹೇಳದೆ, ಪೂರ್ತಿ ತಿರುಗಿ ಅವಳ ಕಡೆ ಮುಖ ಮಾಡಿ ಕುಳಿತ. ಹಿರಿಯರು, "ಏನರ ಕೇಳೂದಿದ್ರ ಕೇಳವಾ," ಎಂದರು. ಹುಡುಗಿ ಒಂದು ಗಲ್ಲ ನೋಡಿದಳು. ಇನ್ನೊಂದು ಗಲ್ಲ ನೋಡಿದಳು.

"ಎರಡೂ ಗಲ್ಲ ಒಬ್ಬರವೇನ್ರಿ?"

ಅವಳ ತಾಯಿ ಗಾಬರಿಯಾಗಿ ಅವಳ ಸೆರಗು ಜಗ್ಗಿದರು. ಮೈದುನ ಮಾತ್ರ ಗಂಭೀರವಾಗಿ ಉತ್ತರ ಕೊಟ್ಟ: "ಎಡಗಲ್ಲ ಸೊಲ್ಲಾಪುರದ್ದು, ಬಲಗಲ್ಲ ಆಳಂದದ್ದು."

"ನಡೀತದ ಬಿಡ್ರಿ," ಎಂದಳು ಹುಡುಗಿ. "ನಮ್ಮೂರಾಗಿಂದ ಎರಡೂ ಕಡಿ ಹೋಗಾಕ ಬರ್ತದ."

ಅವಳೇ ಈಗ ನನ್ನ ನೆಗೆಣ್ಣಿ. ಅಕ್ಕಿಕಾಳು ಬಿದ್ದ ದಿನ ಊಟದ ಪಂಕ್ತಿಯಲ್ಲಿ ಅತ್ತೆಯ ತಟ್ಟೆಗೆ ನಾನೇ ಹೋಳಿಗೆ ಬಡಿಸಿ, ಮೇಲೆ ತುಪ್ಪ ಹಾಕಿದೆ. ಒಂಬತ್ತು ವರ್ಷದ ಮೇಲೆ ಮೊದಲ ತುತ್ತು. ಎಲ್ಲರೂ ಅವರನ್ನೇ ನೋಡಿದೆವು. ಅತ್ತೆ ನಿಧಾನಕ್ಕೆ ಅಗಿದು ನುಂಗಿದರು. "ಬೆಲ್ಲ ಕಮ್ಮಿ ಆಗೇದ ಬೇ," ಎಂದರು. ಬಳಿಕ ನಾಲ್ಕು ಹೋಳಿಗೆ ಉಂಡರು.

ಅದರ ಮೇಲೆ ಅತ್ತೆ ಆರು ವರ್ಷ ಇದ್ದರು. ಶನಿವಾರದ ಪರೀಕ್ಷೆ ನಿಲ್ಲಲಿಲ್ಲ. ಮೈದುನ ಎದುರಿಗೆ ಕುಳಿತರೆ ಬಲಗೈ ಮಡಿಲಲ್ಲಿಯೇ ಉಳಿಯುತ್ತಿತ್ತು. ಎಡಗೈ ಒಂದೇ ಎದ್ದು ಬಲಗಲ್ಲ ಹುಡುಕಿಕೊಂಡು ಹೋಗುತ್ತಿತ್ತು. ಅವರು ಲಿಂಗೈಕ್ಯರಾದ ಮೇಲೂ ನಾನು ಮೈದುನನಿಗೆ ಒಂದೆರಡು ಸಲ ಹೇಳಿದೆ: "ಇನ್ನರ ಆ ಇನ್ನೊಂದು ಗಲ್ಲ ಮಾಡಿಸಿಕೊಂಡ ಬಾರಪ್ಪಾ. ಈಗ ಇನ್ನೂ ಛಲೋ ಮಷೀನ ಬಂದಾವಂತ." "ಹೂಂರಿ ವೈನಿ," ಎಂದ. ಹೋಗಲಿಲ್ಲ.

ಹೋದ ದಸರೆಗೆ ಮನೆಗೆ ಸುಣ್ಣ ಹಚ್ಚುವಾಗ ಅವನ ಹಳೆಯ ಟ್ರಂಕು ಸರಿಸಿದೆ. ಮುಚ್ಚಳ ತೆರೆದುಕೊಂಡು ಅದೇ ನಕ್ಷೆ ಹೊರಗೆ ಬಿತ್ತು. ಅಂಚು ಹಳದಿಯಾಗಿತ್ತು, ಒಂದು ಮೂಲೆಯಲ್ಲಿ ಅರಿಶಿನದ ಕಲೆ. ನಗು ಬಂತು. ಸುಣ್ಣದ ಕೈ ತಾಗದಂತೆ ಬಿಚ್ಚಿ ಓದಿದೆ. ಅಂದು ಖಾಲಿ ಇಟ್ಟಿದ್ದ ಕಬ್ಜೇದಾರರ ಕಾಲಂ ಈಗ ತುಂಬಿತ್ತು. ಒಂದರಿಂದ ಇಪ್ಪತ್ತೆರಡರವರೆಗೆ, ಎಡಗಲ್ಲಕ್ಕೆ, ನನ್ನ ನೆಗೆಣ್ಣಿಯ ಹೆಸರು. ಅಂದ ಮಾತು ಉಳಿಸಿಕೊಂಡಿದ್ದ.

ಇಪ್ಪತ್ಮೂರರಿಂದ ನಲವತ್ತೊಂದರವರೆಗೆ, ಬಲಗಲ್ಲದ ಎಲ್ಲ ನಂಬರುಗಳನ್ನೂ ಒಂದೇ ಗೆರೆಯಿಂದ ಕೂಡಿಸಿ, ತನ್ನ ದುಂಡನೆಯ ಸರಕಾರಿ ಅಕ್ಷರದಲ್ಲಿ ಬರೆದಿದ್ದ: 'ಅವ್ವ.'

ಪಕ್ಕದ ಶೆರಾ ಕಾಲಂನಲ್ಲಿ ಎರಡು ಸಾಲು. ಮೊದಲನೆಯದು, ಆ ಶನಿವಾರದ ಮೇಲೆ ಬರೆದದ್ದಿರಬೇಕು: 'ಗುರುತು ಇಲ್ಲಿದೆ. ಸಮ ಮಾಡಬಾರದು.' ಎರಡನೆಯದು ಬೇರೆ ಮಸಿಯಲ್ಲಿ, ಅವರು ಹೋದ ಮೇಲಿನದು: 'ಕಬ್ಜಾ ಬದಲಾವಣೆ ಇಲ್ಲ.'

ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಶನಿವಾರ. ಅವನು ಒಳಗೆ ಬಂದು, ನನ್ನ ಕೈಯಲ್ಲಿದ್ದ ಹಾಳೆ ನೋಡಿ, ಬಾಗಿಲಲ್ಲಿಯೇ ನಿಂತ.

"ಹಳೇ ಮೋಜಣಿರಿ ಅದು ವೈನಿ," ಎಂದ. "ಒಗೀರಿ ಅತ್ಲಾಗ."

ನಾನು ಅದನ್ನು ಮೊದಲಿದ್ದ ಮಡಿಕೆಯಲ್ಲಿಯೇ ಮಡಚಿ ಟ್ರಂಕಿನೊಳಗೆ ಇಟ್ಟೆ.

"ಇರ್ಲಿ ಬಿಡಪ್ಪಾ," ಎಂದೆ. "ಅಳತಿ ಸರಿ ಅದ."